ಡಯಾಲಿಸಿಸ್ ಖರ್ಚು ಯಾರ ಲೆಕ್ಕಕ್ಕೆ? ಥಾಯ್ಲೆಂಡ್ ಲೆಕ್ಕ ಹಾಕಿದ ಬಗೆ

ಮೂತ್ರಪಿಂಡ ಕೆಟ್ಟವರಿರುವ ಮನೆಯಲ್ಲಿ ಸೋಮವಾರ, ಮಂಗಳವಾರ ಎಂಬ ಲೆಕ್ಕ ಇರುವುದಿಲ್ಲ. ಡಯಾಲಿಸಿಸ್ ಇರುವ ದಿನ, ಇಲ್ಲದ ದಿನ ಎಂದು ಎರಡೇ ಬಗೆ. ಮಂಜೇಶ್ವರ, ಕುಂಬಳೆ ಕಡೆಯವರಾದರೆ ಎಷ್ಟೋ ಮಂದಿ ಬೆಳಗ್ಗಿನ ಬಸ್ಸು ಹಿಡಿದು ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. ತಾಳವಾಡಿಯವರಿಗೆ ತಮ್ಮ ಜಿಲ್ಲಾ ಕೇಂದ್ರ ಈರೋಡಿಗಿಂತ ಚಾಮರಾಜನಗರವೇ ಹತ್ತಿರ. ಹೋಗಿ, ಸರದಿ ಕಾದು, ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಿ, ಸುಸ್ತಾಗಿ ಮನೆ ಸೇರುವಾಗ ಕತ್ತಲಾಗಿರುತ್ತದೆ. ಜೊತೆಗೆ ಹೆಂಡತಿಯೋ ಮಗನೋ ಹೋಗಲೇಬೇಕು. ಒಬ್ಬರ ಕಾಯಿಲೆಗೆ ಇಬ್ಬರ ಕೂಲಿ ಹೋಯಿತು. ವಾರಕ್ಕೆ ಎರಡು ಸಲ, ಕೆಲವರಿಗೆ ಮೂರು ಸಲ, ಜೀವ ಇರುವವರೆಗೆ.

ಯಂತ್ರದ ಖರ್ಚನ್ನು ಸರಕಾರವೇ ಕೊಡಬೇಕೇ? ಕೊಡಬೇಕು ಎಂದು ಯಾರಾದರೂ ಹೇಳುತ್ತಾರೆ. ಎಲ್ಲರಿಗೂ, ಎಷ್ಟು ವರ್ಷ, ಯಾವ ವಿಧಾನದಲ್ಲಿ ಎಂದು ಕೇಳಿದರೆ ಉತ್ತರ ತಡವಾಗುತ್ತದೆ. ಆ ಹಣವನ್ನು ಯಾವುದರಿಂದ ತೆಗೆಯಬೇಕು ಎಂದು ಕೇಳಿದರೆ ಎಲ್ಲರೂ ಸುಮ್ಮನಾಗುತ್ತಾರೆ. ಬಾಣಂತಿಯರ ವಾರ್ಡಿನಿಂದಲೋ, ಮಕ್ಕಳ ಲಸಿಕೆಯಿಂದಲೋ, ಹಾವು ಕಡಿತದ ಔಷಧದಿಂದಲೋ?

ಈ ಅಹಿತಕರ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿ, ಲೆಕ್ಕ ಹಾಕಿ, ಆ ಲೆಕ್ಕವನ್ನು ಎಲ್ಲರ ಮುಂದೆ ಇಡುವ ಕೆಲಸಕ್ಕೆ ಆರೋಗ್ಯ ತಂತ್ರಜ್ಞಾನ ಮೌಲ್ಯಮಾಪನ ಎಂಬ ದೊಡ್ಡ ಹೆಸರಿದೆ. ಚಿಕ್ಕದಾಗಿ ಎಚ್‌ಟಿಎ. ತಂತ್ರಜ್ಞಾನ ಎಂದಾಕ್ಷಣ ಕಂಪ್ಯೂಟರ್ ಎಂದುಕೊಳ್ಳಬೇಕಿಲ್ಲ. ಮಾತ್ರೆ, ಲಸಿಕೆ, ಸಿರಿಂಜು, ಸ್ಕ್ಯಾನಿಂಗ್ ಯಂತ್ರ, ಶಸ್ತ್ರಚಿಕಿತ್ಸೆಯ ವಿಧಾನ, ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ಮಾಡುವ ತಪಾಸಣೆ, ಎಲ್ಲವೂ ಇದರೊಳಗೆ ಬರುತ್ತವೆ.

ಇಂಗ್ಲೆಂಡಿನಲ್ಲಿ 1999ರಲ್ಲಿ ನೈಸ್ ಎಂಬ ಸಂಸ್ಥೆ ಇದಕ್ಕಾಗಿಯೇ ಶುರುವಾಯಿತು. ಆದರೆ ನಮ್ಮಂಥ ಊರುಗಳಿಗೆ ಹತ್ತಿರದ ಕತೆ ಇಂಗ್ಲೆಂಡಿನದಲ್ಲ, ಥಾಯ್ಲೆಂಡಿನದು. ಭತ್ತ ಬೆಳೆಯುವ, ರಬ್ಬರ್ ಬೆಳೆಯುವ, ಹಳ್ಳಿಗಳೇ ಹೆಚ್ಚಿರುವ ದೇಶ ಅದು. ದುಡ್ಡು ಹೆಚ್ಚಿರಲಿಲ್ಲ, ಡಯಾಲಿಸಿಸ್ ರೋಗಿಗಳು ಬಹಳ ಇದ್ದರು.

ಮೂವತ್ತು ಬಾತ್ ಯೋಜನೆ

2002ರಲ್ಲಿ ಥಾಯ್ಲೆಂಡ್ ಸರಕಾರ ಎಲ್ಲರಿಗೂ ಆರೋಗ್ಯ ರಕ್ಷಣೆ ಎಂಬ ಕಾನೂನು ತಂದಿತು. ಒಂದು ಸಲ ಆಸ್ಪತ್ರೆಗೆ ಬಂದರೆ 30 ಬಾತ್ ಕೊಟ್ಟರೆ ಸಾಕು. ಆಗಿನ ಲೆಕ್ಕದಲ್ಲಿ ಮೂವತ್ತು ಮೂವತ್ತೈದು ರೂಪಾಯಿ. ಉಳಿದದ್ದು ಸರಕಾರದ್ದು. ರೈತರು, ಕೂಲಿಗಳು, ಸಣ್ಣ ಅಂಗಡಿಯವರು ಸೇರಿ ಸುಮಾರು 4.7 ಕೋಟಿ ಜನ, ಅಂದರೆ ದೇಶದ ನಾಲ್ಕರಲ್ಲಿ ಮೂರು ಪಾಲು ಇದರೊಳಗೆ ಬಂದರು. ಸರಕಾರಿ ನೌಕರರಿಗೆ ಬೇರೆ ಯೋಜನೆ, ಖಾಸಗಿ ಕಂಪೆನಿಗಳ ನೌಕರರಿಗೆ ಇನ್ನೊಂದು ಯೋಜನೆ ಮೊದಲೇ ಇದ್ದವು.

ಮೂವತ್ತು ಬಾತ್ ಯೋಜನೆಯಲ್ಲಿ ಹೆರಿಗೆ ಇತ್ತು, ಅಪೆಂಡಿಕ್ಸ್ ಇತ್ತು, ಸಕ್ಕರೆ ಕಾಯಿಲೆಯ ಮಾತ್ರೆ ಇತ್ತು. ಡಯಾಲಿಸಿಸ್ ಇರಲಿಲ್ಲ. ಕಾರಣ ಗುಟ್ಟೇನಲ್ಲ. ಅದು ಒಮ್ಮೆ ಆರಂಭಿಸಿದರೆ ನಿಲ್ಲಿಸಲಾಗದ ಖರ್ಚು. ಪ್ರತಿ ವರ್ಷ ಹೊಸ ರೋಗಿಗಳು ಸೇರುತ್ತಾರೆ, ಹಳಬರೂ ಇರುತ್ತಾರೆ. ಬೊಕ್ಕಸವೇ ಬರಿದಾದೀತು ಎಂಬ ಹೆದರಿಕೆ.

ಆದರೆ ಅದೇ ದೇಶದಲ್ಲಿ ಸರಕಾರಿ ಗುಮಾಸ್ತನ ಮೂತ್ರಪಿಂಡ ಕೆಟ್ಟರೆ ಡಯಾಲಿಸಿಸ್ ಸಿಗುತ್ತಿತ್ತು. ಫ್ಯಾಕ್ಟರಿ ನೌಕರನಿಗೂ ಸಿಗುತ್ತಿತ್ತು. ಗದ್ದೆಯಲ್ಲಿ ದುಡಿಯುವವನಿಗೆ ಮಾತ್ರ ಇಲ್ಲ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ. ಗದ್ದೆ ಮಾರಿ, ಎಮ್ಮೆ ಮಾರಿ, ಸಾಲ ಮಾಡಿ ಚಿಕಿತ್ಸೆ ಮಾಡಿಸಿಕೊಂಡರು. ದುಡ್ಡು ಮುಗಿದ ದಿನ ಚಿಕಿತ್ಸೆಯೂ ಮುಗಿಯುತ್ತಿತ್ತು. ರೋಗಿಗಳು ಸಂಘ ಕಟ್ಟಿಕೊಂಡು ಕೇಳತೊಡಗಿದರು. ಏಡ್ಸ್ ರೋಗಿಗಳಿಗೆ ಔಷಧ ಕೊಡುವ ನಿರ್ಧಾರ ಆಗಲೇ ಆಗಿತ್ತು. ಹಾಗಾದರೆ ನಮಗೇಕಿಲ್ಲ ಎಂಬುದು ಅವರ ಪ್ರಶ್ನೆ.

ಒಂದು ವರ್ಷದ ಆಯುಷ್ಯದ ಬೆಲೆ

ಯೋತ್ ತೀರಾವತ್ತಾನಾನೊನ್ ಎಂಬ ಯುವ ವೈದ್ಯರು ಇಂಗ್ಲೆಂಡಿನಲ್ಲಿ ಆರೋಗ್ಯ ಅರ್ಥಶಾಸ್ತ್ರ ಓದಿ ಬಂದಿದ್ದರು. ಅವರು ಮತ್ತು ಸಂಗಡಿಗರು ಡಯಾಲಿಸಿಸ್ ಲೆಕ್ಕವನ್ನೇ ಹಿಡಿದರು. ಅದರ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅವರ ಮುಂದಾಳುತನದಲ್ಲಿ ಆರೋಗ್ಯ ಸಚಿವಾಲಯದೊಳಗೆ ಹಿಟಾಪ್ ಎಂಬ ಸಂಸ್ಥೆ ಹುಟ್ಟಿತು. ಔಷಧ ಕಂಪೆನಿಗಳ ಹಣ ಮುಟ್ಟುವುದಿಲ್ಲ ಎಂಬುದು ಈ ಸಂಸ್ಥೆಯ ನಿಯಮ. ತಕ್ಕಡಿ ಹಿಡಿಯುವವನಿಗೆ ಮಾರುವವನೇ ಸಂಬಳ ಕೊಟ್ಟರೆ ತೂಕ ಹೇಗಿದ್ದೀತು, ಬಿಡಿಸಿ ಹೇಳಬೇಕಿಲ್ಲ.

ಲೆಕ್ಕ ಹಾಕುವುದು ಹೇಗೆ? ಒಂದು ಸರಳ ಉದಾಹರಣೆ ನೋಡೋಣ. ಒಂದು ಔಷಧದಿಂದ ರೋಗಿ ಎರಡು ವರ್ಷ ಹೆಚ್ಚು ಬದುಕುತ್ತಾನೆ, ಅದೂ ಪೂರ್ಣ ಆರೋಗ್ಯದಿಂದ. ಇನ್ನೊಂದು ಚಿಕಿತ್ಸೆಯಿಂದ ನಾಲ್ಕು ವರ್ಷ ಹೆಚ್ಚು ಬದುಕುತ್ತಾನೆ, ಆದರೆ ಹಾಸಿಗೆ ಹಿಡಿದು, ಅರ್ಧ ಜೀವ. ನಾಲ್ಕು ವರ್ಷದ ಅರ್ಧ ಎಂದರೆ ಎರಡು. ಹಾಗಾಗಿ ಎರಡರ ಲಾಭವೂ ಸಮ ಎಂದು ಹಿಡಿಯುತ್ತಾರೆ. ಹೀಗೆ ಬದುಕಿನ ಉದ್ದ ಮತ್ತು ಬದುಕಿನ ಹದ ಎರಡನ್ನೂ ಸೇರಿಸಿ ಅಳೆಯುವ ಅಳತೆಗೆ ಕ್ವಾಲಿ ಎನ್ನುತ್ತಾರೆ. ಒಂದು ಕ್ವಾಲಿ ಎಂದರೆ ಪೂರ್ಣ ಆರೋಗ್ಯದ ಒಂದು ವರ್ಷ. ಈಗಿನ ಚಿಕಿತ್ಸೆಗಿಂತ ಹೊಸ ಚಿಕಿತ್ಸೆಗೆ ಎರಡು ಲಕ್ಷ ಹೆಚ್ಚು ಖರ್ಚಾಗಿ ಎರಡು ಕ್ವಾಲಿ ಹೆಚ್ಚು ಸಿಕ್ಕಿದರೆ ಒಂದು ಕ್ವಾಲಿಗೆ ಒಂದು ಲಕ್ಷ ಬಿತ್ತು ಎಂದರ್ಥ.

ಅರ್ಧ ಜೀವ, ಮುಕ್ಕಾಲು ಜೀವ ಎಂದು ಹೇಳುವವರು ಯಾರು? ವೈದ್ಯರಲ್ಲ. ಐದು ಪ್ರಶ್ನೆಗಳ ಒಂದು ಪಟ್ಟಿ ಹೆಚ್ಚಿನ ದೇಶಗಳಲ್ಲಿ ಬಳಕೆಯಲ್ಲಿದೆ. ನಡೆಯಲು ಆಗುತ್ತದೆಯೇ? ಸ್ನಾನ, ಬಟ್ಟೆ ಹಾಕಿಕೊಳ್ಳುವುದು ಸ್ವಂತವಾಗಿ ಮಾಡಿಕೊಳ್ಳುತ್ತೀರಾ? ದಿನದ ಕೆಲಸ ಸಾಗುತ್ತದೆಯೇ? ನೋವು ಎಷ್ಟಿದೆ? ಚಿಂತೆ, ಬೇಸರ ಇದೆಯೇ? ರೋಗಿಗಳು ಕೊಟ್ಟ ಉತ್ತರಕ್ಕೆ ಎಷ್ಟು ಅಂಕ ಎಂಬುದನ್ನು ಆಯಾ ದೇಶದ ಸಾಮಾನ್ಯ ಜನರನ್ನೇ ಕೇಳಿ ನಿರ್ಧರಿಸುತ್ತಾರೆ. ಈ ಪಟ್ಟಿ ಕನ್ನಡದಲ್ಲೂ ಇದೆ, ಮಲಯಾಳ, ತಮಿಳು, ತೆಲುಗು, ಮರಾಠಿಗಳಲ್ಲೂ ಇದೆ. ಮನೆಯಲ್ಲಿ ಒಂದು ಭಾಷೆ, ಆಸ್ಪತ್ರೆಯಲ್ಲಿ ಇನ್ನೊಂದು ಭಾಷೆ ಆಡುವ ಗಡಿನಾಡಿನವರಿಗೆ ಇದು ಸಣ್ಣ ಮಾತಲ್ಲ. ಬೇಸರವಾಗಿದೆಯೇ ಎಂಬ ಪ್ರಶ್ನೆಗೆ ಅಜ್ಜಿ ಕೊಡುವ ಉತ್ತರ, ಕೇಳಿದ ಭಾಷೆಯ ಮೇಲೆ ನಿಂತಿರುತ್ತದೆ.

ಈ ಅಳತೆಯ ಮೇಲೆ ಟೀಕೆಯೂ ಇದೆ. ವಯಸ್ಸಾದವರಿಗೆ ಉಳಿದ ವರ್ಷಗಳೇ ಕಡಿಮೆ, ಹುಟ್ಟಿನಿಂದ ಅಂಗವಿಕಲರಾದವರಿಗೆ ಪೂರ್ಣ ಅಂಕ ಸಿಗುವುದೇ ಇಲ್ಲ. ಹಾಗಾದರೆ ಅವರ ಜೀವ ಅಗ್ಗವೇ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೇ ಕ್ವಾಲಿ ಲೆಕ್ಕವನ್ನು ತೀರ್ಪು ಎಂದು ತೆಗೆದುಕೊಳ್ಳಬಾರದು, ಸಾಕ್ಷಿ ಎಂದು ತೆಗೆದುಕೊಳ್ಳಬೇಕು.

ಇನ್ನೊಂದು ಸಂಗತಿ. ಥಾಯ್ಲೆಂಡಿನ ಲೆಕ್ಕದ ನಿಯಮದಲ್ಲಿ ಆಸ್ಪತ್ರೆಯ ಬಿಲ್ಲು ಮಾತ್ರ ಸೇರಿಸಿದರೆ ಸಾಲದು. ರೋಗಿ ಬಂದುಹೋಗುವ ಖರ್ಚನ್ನೂ ಸೇರಿಸಬೇಕು. ಮೇಲ್ನೋಟಕ್ಕೆ ಚಿಲ್ಲರೆ ವಿಷಯ. ಆದರೆ ಡಯಾಲಿಸಿಸ್ ಕತೆಯಲ್ಲಿ ತಕ್ಕಡಿ ವಾಲಲು ಇದೂ ಒಂದು ಕಾರಣ.

ರಕ್ತದ ಡಯಾಲಿಸಿಸ್, ಹೊಟ್ಟೆಯ ಡಯಾಲಿಸಿಸ್

ಡಯಾಲಿಸಿಸ್ ಎಂದರೆ ನಮ್ಮಲ್ಲಿ ಯಂತ್ರವೇ ಕಣ್ಣ ಮುಂದೆ ಬರುತ್ತದೆ. ಕೈಯ ರಕ್ತನಾಳದಿಂದ ರಕ್ತ ಹೊರಗೆ ತೆಗೆದು, ಯಂತ್ರದಲ್ಲಿ ಶುದ್ಧ ಮಾಡಿ, ಮತ್ತೆ ಒಳಗೆ ಬಿಡುವುದು. ಯಂತ್ರ ಬೇಕು, ಶುದ್ಧ ನೀರಿನ ಘಟಕ ಬೇಕು, ಕರೆಂಟ್ ಬೇಕು, ತರಬೇತಿ ಆದ ನರ್ಸ್ ಬೇಕು. ಹಾಗಾಗಿ ಅದು ಪಟ್ಟಣದಲ್ಲೇ ಇರುತ್ತದೆ.

ಇನ್ನೊಂದು ವಿಧಾನದಲ್ಲಿ ಯಂತ್ರವಿಲ್ಲ. ಹೊಟ್ಟೆಯೊಳಗೆ ಕರುಳನ್ನು ಸುತ್ತಿರುವ ತೆಳು ಪೊರೆಯೊಂದಿದೆ. ಅದೇ ಜರಡಿಯ ಕೆಲಸ ಮಾಡುತ್ತದೆ. ಸಣ್ಣ ಆಪರೇಷನ್ ಮಾಡಿ ಹೊಟ್ಟೆಗೆ ಮೆತ್ತನೆಯ ನಳಿಕೆ ಇಡುತ್ತಾರೆ. ಎರಡು ಲೀಟರಿನ ಚೀಲದಲ್ಲಿ ಬರುವ ದ್ರಾವಣವನ್ನು ನಳಿಕೆಯ ಮೂಲಕ ಒಳಗೆ ಬಿಟ್ಟರೆ, ಕೆಲವು ಗಂಟೆಗಳಲ್ಲಿ ರಕ್ತದ ಕಲ್ಮಶ ಆ ದ್ರಾವಣಕ್ಕೆ ಇಳಿಯುತ್ತದೆ. ಆಮೇಲೆ ಅದನ್ನು ಹೊರಗೆ ಬಿಟ್ಟು ಹೊಸ ಚೀಲ ಹಾಕುವುದು. ದಿನಕ್ಕೆ ಸಾಮಾನ್ಯವಾಗಿ ನಾಲ್ಕು ಸಲ, ಒಂದೊಂದಕ್ಕೆ ಅರ್ಧ ಗಂಟೆ. ಮನೆಯಲ್ಲೇ ಆಗುತ್ತದೆ. ಚೀಲ ಕಟ್ಟಿಕೊಂಡ ಮೇಲೆ ಅಂಗಡಿಗೂ ಹೋಗಬಹುದು.

ತೊಂದರೆ ಇಲ್ಲವೆಂದಲ್ಲ. ಕೈ ಸರಿಯಾಗಿ ತೊಳೆಯದೆ ಚೀಲ ಬದಲಿಸಿದರೆ ಹೊಟ್ಟೆಯೊಳಗೆ ಸೋಂಕು. ಅದು ಜೀವಕ್ಕೇ ಕುತ್ತು. ಮನೆಯಲ್ಲಿ ಚೊಕ್ಕಟ ಮೂಲೆಯೊಂದು ಬೇಕು, ನೀರು ಬೇಕು, ಕಣ್ಣು ಕಾಣುವ ಒಬ್ಬರು ಸಹಾಯಕ್ಕೆ ಬೇಕು. ಹಬ್ಬ, ಮಳೆ, ಮದುವೆ ಏನೇ ಇದ್ದರೂ ದಿನಕ್ಕೆ ನಾಲ್ಕು ಸಲ ಬಿಡುವಂತಿಲ್ಲ.

ಈಗ ಥಾಯ್ಲೆಂಡಿನ ಲೆಕ್ಕ ನೋಡಿ. ಚಿಕಿತ್ಸೆ ಕೊಡದೆ ನೋವು ಶಮನ ಮಾತ್ರ ಮಾಡುವುದಕ್ಕೆ ಹೋಲಿಸಿದರೆ, ಹೊಟ್ಟೆಯ ಡಯಾಲಿಸಿಸ್‌ನಲ್ಲಿ ಒಂದು ಕ್ವಾಲಿಗೆ ಸುಮಾರು 6.7 ಲಕ್ಷ ಬಾತ್ ಬಿತ್ತು. ರಕ್ತದ ಡಯಾಲಿಸಿಸ್‌ನಲ್ಲಿ ಸುಮಾರು 8 ಲಕ್ಷ. ಸರಕಾರ ಒಂದು ಕ್ವಾಲಿಗೆ ಕೊಡಬಹುದು ಎಂದು ಆ ಹೊತ್ತಿಗೆ ಹಾಕಿಕೊಂಡ ಮಿತಿ 1 ಲಕ್ಷ ಬಾತ್, ಅಂದರೆ ಒಂದೂಕಾಲು ಲಕ್ಷ ರೂಪಾಯಿಯಷ್ಟು. ಎರಡೂ ವಿಧಾನಗಳು ಮಿತಿಯನ್ನು ಹಲವು ಪಟ್ಟು ಮೀರಿದ್ದವು.

ಲೆಕ್ಕದ ಪ್ರಕಾರವೇ ನಡೆದಿದ್ದರೆ ಉತ್ತರ ಸ್ಪಷ್ಟ: ಬೇಡ.

ಲೆಕ್ಕ ಬೇಡವೆಂದಿತು, ಸರಕಾರ ಆಗಲಿ ಎಂದಿತು

2007ರ ಅಕ್ಟೋಬರಿನಲ್ಲಿ, ಮೊಂಗ್‌ಕೊಲ್ ನಾ ಸೊಂಗ್‌ಖ್ಲಾ ಆರೋಗ್ಯ ಸಚಿವರಾಗಿದ್ದಾಗ, ಡಯಾಲಿಸಿಸ್ ಕೊಡುವ ನಿರ್ಧಾರವಾಯಿತು. 2008ರ ಜನವರಿಯಿಂದ ಜಾರಿ. ಕಾರಣ ಎರಡು. ಕುಟುಂಬಗಳು ದಿವಾಳಿಯಾಗುವುದನ್ನು ತಡೆಯಲೆಂದೇ ಮೂವತ್ತು ಬಾತ್ ಯೋಜನೆ ಹುಟ್ಟಿದ್ದು. ಕುಟುಂಬವನ್ನು ಅತಿ ಹೆಚ್ಚು ದಿವಾಳಿ ಮಾಡುವ ಕಾಯಿಲೆಯನ್ನೇ ಹೊರಗಿಟ್ಟರೆ ಯೋಜನೆಗೆ ಅರ್ಥವೇನು? ಎರಡನೆಯದು, ನೌಕರನಿಗೆ ಸಿಗುವುದು ರೈತನಿಗೆ ಏಕಿಲ್ಲ ಎಂಬ ಪ್ರಶ್ನೆಗೆ ಯಾರ ಬಳಿಯೂ ಉತ್ತರ ಇರಲಿಲ್ಲ.

ಹಾಗಾದರೆ ಅಷ್ಟೆಲ್ಲ ಲೆಕ್ಕ ಹಾಕಿದ್ದು ವ್ಯರ್ಥವೇ? ಇಲ್ಲ. ಕೊಡುವುದಾದರೆ ಹೇಗೆ ಕೊಡಬೇಕು ಎಂಬುದನ್ನು ಆ ಲೆಕ್ಕವೇ ಹೇಳಿತು. ಎರಡರಲ್ಲಿ ಹೊಟ್ಟೆಯ ಡಯಾಲಿಸಿಸ್ ಅಗ್ಗ. ಯಂತ್ರ ಸಾಕಷ್ಟಿಲ್ಲ, ನರ್ಸುಗಳಿಲ್ಲ, ಹಳ್ಳಿಯವರಿಗೆ ಪಟ್ಟಣ ದೂರ. ಆದ್ದರಿಂದ ಮೊದಲು ಹೊಟ್ಟೆಯ ಡಯಾಲಿಸಿಸ್, ಅದು ಆಗದವರಿಗೆ ಮಾತ್ರ ಯಂತ್ರ ಎಂಬ ನಿಯಮ ಬಂತು. ಆಗುವವರೂ ಯಂತ್ರವೇ ಬೇಕೆಂದರೆ ಖರ್ಚು ಅವರೇ ಹಾಕಿಕೊಳ್ಳಬೇಕು.

ನಿಯಮ ಬರೆದರೆ ಚೀಲ ಮನೆಗೆ ಬರುವುದಿಲ್ಲ. ಥಾಯ್ಲೆಂಡಿನವರ ನಿಜವಾದ ಜಾಣತನ ಕಾಣುವುದು ಇಲ್ಲಿ. ದ್ರಾವಣದ ಚೀಲಗಳನ್ನು ಸರಕಾರಿ ಔಷಧ ಸಂಸ್ಥೆಯ ಮೂಲಕ ಇಡೀ ದೇಶಕ್ಕೆ ಒಟ್ಟಿಗೆ ಖರೀದಿ ಮಾಡಿದರು. ಸಗಟು ಖರೀದಿಯಾದ್ದರಿಂದ ಬೆಲೆ ಇಳಿಯಿತು. ಚೀಲಗಳನ್ನು ಮನೆಗೆ ತಲುಪಿಸುವ ಕೆಲಸ ಅಂಚೆ ಇಲಾಖೆಗೆ ಕೊಟ್ಟರು. ದಿನಕ್ಕೆ ನಾಲ್ಕು ಚೀಲ, ಒಂದೊಂದು ಎರಡು ಕಿಲೋ ಎಂದರೆ ಒಂದು ತಿಂಗಳಿಗೆ ಕಾಲು ಟನ್ನಿನಷ್ಟು ಭಾರ. ಅಂಚೆಯವರು ಕಾಗದ ಕೊಡುವ ಮನೆಗೆ ಡಯಾಲಿಸಿಸ್ ಕೊಟ್ಟರು! ನಳಿಕೆ ಇಡುವುದನ್ನು ಜಿಲ್ಲಾ ಆಸ್ಪತ್ರೆಗಳ ವೈದ್ಯರಿಗೆ ಕಲಿಸಿದರು. ನರ್ಸುಗಳಿಗೆ ತರಬೇತಿ ಕೊಟ್ಟರು. ಹಳ್ಳಿಯ ಆರೋಗ್ಯ ಸ್ವಯಂಸೇವಕರು ಮನೆಗೆ ಹೋಗಿ ನೋಡಿಕೊಂಡರು. ಹತ್ತಾರು ಸಾವಿರ ರೋಗಿಗಳು ಈ ದಾರಿಯಲ್ಲಿ ಬಂದರು.

ಎಲ್ಲವೂ ಸುಸೂತ್ರ ಎನ್ನುವಂತಿಲ್ಲ. ಆಯ್ಕೆ ನನ್ನದಲ್ಲ, ಸರಕಾರದ್ದು ಎಂಬ ಅಸಮಾಧಾನ ರೋಗಿಗಳಲ್ಲಿ ಉಳಿದೇ ಇತ್ತು. ಅವರ ಮಾತಿನಲ್ಲೂ ಹುರುಳಿತ್ತು. ಸರಕಾರಿ ನೌಕರನಿಗೆ ಆಯ್ಕೆ ಇದೆ, ನನಗಿಲ್ಲ. 2022ರ ಫೆಬ್ರವರಿಯಲ್ಲಿ ಸರಕಾರ ನಿಯಮ ಸಡಿಲಿಸಿತು. ರೋಗಿ ಮತ್ತು ವೈದ್ಯರು ಮಾತಾಡಿಕೊಂಡು ಯಾವುದು ಬೇಕಾದರೂ ಆರಿಸಿಕೊಳ್ಳಬಹುದು ಎಂದಿತು. ಏನಾಯಿತು? ಹೊಸ ರೋಗಿಗಳಲ್ಲಿ ಬಹುಪಾಲು ಯಂತ್ರದ ಕಡೆಗೆ ಹೋದರು. ಖರ್ಚು ಏರಿತು. ಹಿಟಾಪ್‌ನವರು ಮತ್ತೆ ಲೆಕ್ಕಕ್ಕೆ ಕೂತರು. 2025ರ ಏಪ್ರಿಲ್‌ನಿಂದ ಹೊಸ ರೋಗಿಗಳಿಗೆ ಮತ್ತೆ ಹೊಟ್ಟೆಯ ಡಯಾಲಿಸಿಸ್ಸೇ ಮೊದಲು ಎಂಬ ನಿಯಮ ಬಂತು. ಆಗಲೇ ಯಂತ್ರದಲ್ಲಿದ್ದವರನ್ನು ಅಲ್ಲೇ ಮುಂದುವರಿಸಿದರು.

ಹದಿನೇಳು ವರ್ಷದಲ್ಲಿ ಒಂದು ಸಲ ಹಾಕಿ, ಒಂದು ಸಲ ತೆಗೆದು, ಮತ್ತೆ ಹಾಕಿದ ನಿಯಮ ಇದು. ಗೊಂದಲ ಎನ್ನಬಹುದು. ಆದರೆ ಪ್ರತಿ ಸಲವೂ ಯಾವುದಕ್ಕೆ ಎಷ್ಟು ಖರ್ಚು, ಯಾರಿಗೆ ಏನು ಲಾಭ ಎಂಬ ಕಾಗದ ಮೇಜಿನ ಮೇಲಿತ್ತು. ಮಂತ್ರಿ ಬದಲಾದ, ಯಂತ್ರ ಬಂತು. ಇನ್ನೊಬ್ಬ ಬಂದ, ಯಂತ್ರ ಮೂಲೆ ಸೇರಿತು ಎಂಬ ಕತೆಗಿಂತ ಇದು ಬೇರೆ. ಉದ್ಘಾಟನೆಯ ಫೋಟೋ ಗೋಡೆಯಲ್ಲಿ, ಯಂತ್ರ ಧೂಳಿನಲ್ಲಿ ಇರುವುದನ್ನು ಕಂಡವರಿಗೆ ಈ ವ್ಯತ್ಯಾಸ ಗೊತ್ತಾಗುತ್ತದೆ.

ಬೇಡ ಎಂದದ್ದೂ ಉಂಟು

ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಮಾರುಕಟ್ಟೆಗೆ ಬಂದ ಹೊಸತರಲ್ಲಿ ಅದರ ಬೆಲೆ ಬಹಳ. ಆ ಬೆಲೆಗೆ ಕೊಳ್ಳುವುದು ಸಲ್ಲದು, ಇರುವ ತಪಾಸಣೆಯನ್ನೇ ಮೊದಲು ಸರಿಯಾಗಿ ಮಾಡಿ ಎಂದು ಹಿಟಾಪ್ ಹೇಳಿತು. ಹುಡುಗಿಯರ ಜೀವದ ವಿಷಯದಲ್ಲಿ ಜುಗ್ಗತನವೇ ಎಂಬ ಮಾತು ಬರುವುದು ಸಹಜ. ಆದರೆ ಮುಂದೆ ಬೆಲೆ ಇಳಿಯಿತು. 2017ರಲ್ಲಿ ಐದನೇ ತರಗತಿಯ ಹೆಣ್ಣುಮಕ್ಕಳಿಗೆ ಶಾಲೆಯಲ್ಲೇ ಲಸಿಕೆ ಕೊಡುವುದು ದೇಶವಿಡೀ ಆರಂಭವಾಯಿತು. ಕಾಯ್ದ ವರ್ಷಗಳಲ್ಲಿ ಲಸಿಕೆ ಸಿಗದೆ ಹೋದ ಹುಡುಗಿಯರೂ ಇದ್ದಾರೆ ಎಂಬುದನ್ನು ಮಾತ್ರ ಮರೆಯಬಾರದು. ಬೇಡ ಎನ್ನುವುದಕ್ಕೂ ಒಂದು ಬೆಲೆ ಇದೆ.

ಇದಕ್ಕೆ ತದ್ವಿರುದ್ಧದ ಉದಾಹರಣೆಯೂ ಇದೆ. ಗೋಷೆ ಎಂಬ ಅತಿ ಅಪರೂಪದ ಹುಟ್ಟುಕಾಯಿಲೆಯ ಔಷಧ ಮಿತಿಯನ್ನು ಎಷ್ಟೋ ಪಟ್ಟು ಮೀರುತ್ತಿತ್ತು. ಆದರೂ ಅದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದರು. ರೋಗಿಗಳು ಬೆರಳೆಣಿಕೆ, ಒಟ್ಟು ಖರ್ಚು ತಡೆದುಕೊಳ್ಳುವಷ್ಟು, ಬೇರೆ ಚಿಕಿತ್ಸೆಯೂ ಇಲ್ಲ. ಮಿತಿಯೂ ಕಲ್ಲಿನಲ್ಲಿ ಕೊರೆದದ್ದಲ್ಲ. ದೇಶದ ಆದಾಯ ಏರಿದಂತೆ 2010ರಲ್ಲಿ 1.2 ಲಕ್ಷ, 2013ರಲ್ಲಿ 1.6 ಲಕ್ಷ ಬಾತ್ ಆಯಿತು.

ಯಾವುದರ ಲೆಕ್ಕ ಹಾಕಬೇಕು ಎಂದು ಹೇಳುವವರು ಯಾರು ಎಂಬುದು ಇನ್ನೂ ಮುಖ್ಯ. ಥಾಯ್ಲೆಂಡಿನಲ್ಲಿ ಏಳು ಗುಂಪುಗಳಿಗೆ ವಿಷಯ ಸೂಚಿಸುವ ಹಕ್ಕು ಕೊಟ್ಟರು. ಅಧಿಕಾರಿಗಳು, ವೈದ್ಯರು, ಪ್ರಾಧ್ಯಾಪಕರು, ಔಷಧ ಉದ್ಯಮ ಇರುವುದು ಸರಿ. ಜೊತೆಗೆ ಸ್ವಯಂಸೇವಾ ಸಂಸ್ಥೆಗಳು, ರೋಗಿಗಳ ಸಂಘಗಳು ಮತ್ತು ಸಾಮಾನ್ಯ ಜನರೂ ಇದ್ದಾರೆ. ಎಷ್ಟು ಜನರಿಗೆ ಬರುವ ಕಾಯಿಲೆ, ಎಷ್ಟು ಭೀಕರ, ಮನೆಯನ್ನು ಎಷ್ಟು ಸಾಲಕ್ಕೆ ತಳ್ಳುತ್ತದೆ ಎಂದು ನೋಡಿ ಆ ವಿಷಯಗಳಲ್ಲಿ ಕೆಲವನ್ನು ಆರಿಸುತ್ತಾರೆ.

ನಮ್ಮ ದೇಶದಲ್ಲಿ

ಭಾರತದಲ್ಲಿ ಈ ಕೆಲಸ ಶುರುವಾದದ್ದು 2017ರಲ್ಲಿ. ಕೇಂದ್ರ ಆರೋಗ್ಯ ಸಚಿವಾಲಯದ ಆರೋಗ್ಯ ಸಂಶೋಧನಾ ಇಲಾಖೆಯಡಿ ಎಚ್‌ಟಿಎ ಇಂಡಿಯಾ ಎಂಬ ವ್ಯವಸ್ಥೆ ಬಂತು. ಅದನ್ನು ಕಟ್ಟುವಾಗ ನೆರವಿಗೆ ಬಂದವರಲ್ಲಿ ಥಾಯ್ಲೆಂಡಿನ ಹಿಟಾಪ್ ಕೂಡ ಒಂದು. ಲೆಕ್ಕ ಹಾಕುವ ಪ್ರಾದೇಶಿಕ ಕೇಂದ್ರಗಳು ದೇಶದ ಹಲವೆಡೆ ಇವೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ, ಚೆನ್ನೈನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ, ಚಂಡೀಗಢದ ಪಿಜಿಐ ಅವುಗಳಲ್ಲಿ ಕೆಲವು.

ಮೊದಮೊದಲ ವಿಷಯಗಳಲ್ಲಿ ಕಣ್ಣಿನ ಪೊರೆ ಒಂದು. ಪೊರೆ ತೆಗೆದು ಯಾವ ಲೆನ್ಸ್ ಹಾಕಬೇಕು? ಯಂತ್ರದಿಂದ ಪೊರೆ ಕರಗಿಸಿ ಮಡಚುವ ಲೆನ್ಸ್ ಹಾಕುವ ದುಬಾರಿ ವಿಧಾನವೇ, ಸಣ್ಣ ಗಾಯ ಮಾಡಿ ಗಟ್ಟಿ ಲೆನ್ಸ್ ಹಾಕುವ ಅಗ್ಗದ ವಿಧಾನವೇ? ಸರಕಾರದ ಹಣಕ್ಕೆ ಎರಡನೆಯದೇ ಹೆಚ್ಚು ದಕ್ಕುತ್ತದೆ ಎಂದು ಲೆಕ್ಕ ಹೇಳಿತು. ಉಚಿತ ಕಣ್ಣಿನ ಶಿಬಿರಕ್ಕೆ ಹೋದವರಿಗೆ ಈ ಎರಡರ ವ್ಯತ್ಯಾಸ ಗೊತ್ತೇ ಇದೆ. ಅಗ್ಗದ್ದು ಎಂದರೆ ಕಳಪೆ ಎಂದಲ್ಲ, ಅದನ್ನು ತೋರಿಸಿಕೊಟ್ಟದ್ದೂ ಇಂಥ ಲೆಕ್ಕವೇ.

ಆದರೆ ಎಚ್‌ಟಿಎ ಇಂಡಿಯಾ ಮಾಡುವುದು ಶಿಫಾರಸು. ಜಾರಿ ಮಾಡುವುದು ಸರಕಾರಗಳ ಕೆಲಸ. ಆರೋಗ್ಯ ರಾಜ್ಯಗಳ ವಿಷಯವಾದ್ದರಿಂದ ಒಂದು ರಾಜ್ಯ ಒಪ್ಪಿದ್ದನ್ನು ಪಕ್ಕದ ರಾಜ್ಯ ಒಪ್ಪಬೇಕೆಂದಿಲ್ಲ.

ಡಯಾಲಿಸಿಸ್ ವಿಷಯಕ್ಕೆ ಬಂದರೆ, 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭವಾಯಿತು. ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಎಂಬುದು ಗುರಿ. ಶುರುವಾದದ್ದು ಯಂತ್ರದ ಡಯಾಲಿಸಿಸ್ಸಿನಿಂದ. ಹೊಟ್ಟೆಯ ಡಯಾಲಿಸಿಸ್‌ಗೆ ಮಾರ್ಗಸೂಚಿ ಬಂದದ್ದು 2019ರಲ್ಲಿ. ಥಾಯ್ಲೆಂಡ್ ಹಿಡಿದ ದಾರಿಗೆ ಇದು ತಲೆಕೆಳಗು.

ಹೊಸೂರು ಕಡೆಯವರಿಗೆ ಈ ವಿಷಯ ಪೂರ್ತಿ ಹೊಸದೇನಲ್ಲ. ತಮಿಳುನಾಡು ಸರಕಾರ 2021ರ ಆಗಸ್ಟ್ 5ರಂದು 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯನ್ನು ಉದ್ಘಾಟಿಸಿದ್ದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿ ಎಂಬ ಹಳ್ಳಿಯಲ್ಲೇ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮನೆಗೆ ತಲುಪಿಸುವುದರ ಜೊತೆಗೆ ಹೊಟ್ಟೆಯ ಡಯಾಲಿಸಿಸ್ ಚೀಲಗಳನ್ನು ಮನೆಗೆ ಕೊಡುವುದೂ ಅದರಲ್ಲಿ ಸೇರಿತ್ತು. ಥಾಯ್ಲೆಂಡಿನ ಅಂಚೆಯಣ್ಣ ಮಾಡಿದ ಕೆಲಸವನ್ನು ಇಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರಿಗೆ ವಹಿಸಿದರು.

ಗಡಿಯ ಖರ್ಚು

2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ತಲಪಾಡಿಯಲ್ಲಿ ರಸ್ತೆ ಮುಚ್ಚಿತು. ಕಾಸರಗೋಡಿನ ರೋಗಿಗಳಿಗೆ ಮಂಗಳೂರಿಗೆ ದಾರಿ ಇಲ್ಲವಾಯಿತು. ಆಂಬುಲೆನ್ಸ್‌ಗಳು ಹಿಂದೆ ತಿರುಗಿದವು, ಸಮಯಕ್ಕೆ ಆಸ್ಪತ್ರೆ ಸೇರಲಾಗದೆ ಜನ ಸತ್ತರು. ವಿಷಯ ಕೇರಳ ಹೈಕೋರ್ಟಿಗೆ, ಆಮೇಲೆ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಮೊದಲ ವಾರದ ಹೊತ್ತಿಗೆ ತುರ್ತು ರೋಗಿಗಳನ್ನು ಬಿಡುವ ಏರ್ಪಾಡಿಗೆ ಎರಡೂ ರಾಜ್ಯಗಳು ಒಪ್ಪಿದವು.

ಗಡಿ ಮುಚ್ಚಿದ ಆ ದಿನಗಳು ಒಂದು ವಿಷಯ ತೋರಿಸಿದವು. ಗಡಿನಾಡಿನ ಮನೆಗಳ ಆರೋಗ್ಯದ ಲೆಕ್ಕ ಒಂದೇ ರಾಜ್ಯದ ಪುಸ್ತಕದಲ್ಲಿ ಸಿಗುವುದಿಲ್ಲ. ಕೇರಳ ತನ್ನ ಆಸ್ಪತ್ರೆಗಳ ಡಯಾಲಿಸಿಸ್ ಖರ್ಚು ಕೂಡುವಾಗ ಮಂಗಳೂರಿಗೆ ಹೋದವರು ಅದರಲ್ಲಿರುವುದಿಲ್ಲ. ಕರ್ನಾಟಕದ ಪುಸ್ತಕದಲ್ಲಿ ಅವರು ಹೊರರಾಜ್ಯದ ರೋಗಿಗಳು. ಚೀಟಿ ಒಂದು ಕಡೆ, ಚಿಕಿತ್ಸೆ ಇನ್ನೊಂದು ಕಡೆ. ಬಸ್ಸಿನ ಟಿಕೇಟು, ಜೊತೆಗೆ ಹೋದವರ ಕೂಲಿ, ಹೋಟೆಲಿನ ಊಟ ಯಾವ ಪುಸ್ತಕಕ್ಕೂ ಬಾರದೆ ಮನೆಯವರ ತಲೆಯ ಮೇಲೆಯೇ ಉಳಿಯುತ್ತದೆ. ಬಂದುಹೋಗುವ ಖರ್ಚನ್ನು ಸೇರಿಸಿದಾಗ ಥಾಯ್ಲೆಂಡಿನಲ್ಲಿ ಮನೆಯ ಡಯಾಲಿಸಿಸ್ ಮೇಲೆ ಬಂತು. ಅದೇ ಖರ್ಚನ್ನು ಸೇರಿಸಿ ಮಂಜೇಶ್ವರಕ್ಕೆ ಬೇರೆ, ತಾಳವಾಡಿಗೆ ಬೇರೆ ಲೆಕ್ಕ ಹಾಕಿದರೆ ಉತ್ತರ ತಿರುವನಂತಪುರ, ಚೆನ್ನೈಗಳ ಉತ್ತರದಂತೆಯೇ ಇರಬೇಕಿಲ್ಲ. ಮನೆಯಲ್ಲಿ ಚೊಕ್ಕಟ ನೀರಿಲ್ಲದ ಕಡೆ ಚೀಲ ಕೊಟ್ಟರೆ ಸೋಂಕು ಬಂದೀತು, ಅಲ್ಲಿ ಹತ್ತಿರದ ತಾಲೂಕು ಆಸ್ಪತ್ರೆಗೆ ಎರಡು ಯಂತ್ರ ಕೊಡುವುದೇ ಮೇಲಾದೀತು. ಅಂದಾಜಿನಿಂದ ಹೇಳುವಂತಿಲ್ಲ, ಲೆಕ್ಕ ಹಾಕಿಯೇ ನೋಡಬೇಕು.

ಹಾಕಿ ಎಂದು ಕೇಳುವುದು ಯಾರನ್ನು? ಥಾಯ್ಲೆಂಡಿನಂತೆ ರೋಗಿಗಳ ಸಂಘ ನೇರವಾಗಿ ವಿಷಯ ಕಳಿಸುವ ಪದ್ಧತಿ ಇಲ್ಲಿಲ್ಲ. ಎಚ್‌ಟಿಎ ಇಂಡಿಯಾಕ್ಕೆ ವಿಷಯಗಳು ಬರುವುದು ಕೇಂದ್ರ ಮತ್ತು ರಾಜ್ಯಗಳ ಸರಕಾರಿ ಇಲಾಖೆಗಳಿಂದ. ಹಾಗಾಗಿ ಕುಂಬಳೆಯ ರೋಗಿ ಕೇಳಬೇಕಾದದ್ದು ಕೇರಳದ ಆರೋಗ್ಯ ಇಲಾಖೆಯನ್ನು. ಗ್ರಾಮಸಭೆ, ಬ್ಲಾಕ್ ಪಂಚಾಯತ್, ಶಾಸಕರು ಎಂಬ ಮೆಟ್ಟಿಲು ಹತ್ತಿಯೇ ಹೋಗಬೇಕು. ತಾಳವಾಡಿಯವರು ಚೆನ್ನೈಗೆ, ಜತ್ತದವರು ಮುಂಬೈಗೆ, ಮಡಕಶಿರಾದವರು ಅಮರಾವತಿಗೆ ಅರ್ಜಿ ಬರೆಯಬೇಕು. ಚಿಕಿತ್ಸೆಗೆ ಹೋಗುವುದು ಗಡಿ ದಾಟಿ, ಅರ್ಜಿ ಹೋಗುವುದು ಗಡಿಯ ಈಚೆಗೆ. ಅರ್ಜಿಯಲ್ಲಿ ಬಸ್ಸಿನ ಟಿಕೇಟುಗಳ ಲೆಕ್ಕವನ್ನೂ ಸೇರಿಸಬೇಕು. ಒಂದು ತಿಂಗಳ ಟಿಕೇಟುಗಳನ್ನು ಎತ್ತಿಟ್ಟು, ಹೋದ ಕೂಲಿ ಎಷ್ಟೆಂದು ಪಕ್ಕದಲ್ಲಿ ಬರೆದು ಕೂಡಿದರೆ ಸಾಕು, ಅದನ್ನು ಮಾಡಲು ಅರ್ಥಶಾಸ್ತ್ರ ಓದಿರಬೇಕಿಲ್ಲ.